ನೀಲವ್ವ ಕೈಯಿಟ್ಟ ಗೋಡೆ

ಹೋದ ತಿಂಗಳು ಮಹಾಲಿಂಗಪುರದ ಬಸ್ ಸ್ಟ್ಯಾಂಡಿನ ಹೊರಗೆ ಜಮಖಂಡಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬೆಳಗಿನಿಂದ ಜಿಟಿಜಿಟಿ ಮಳೆ. ಚಹದಂಗಡಿಯವನ ಸಿಲಿಂಡರ್ ಮುಗಿದಿತ್ತೋ ಏನೋ, ಅಂಗಡಿಯ ಮಗ್ಗುಲಿಗೆ ಮೂರು ಕಲ್ಲು ಹೂಡಿ, ಹಸಿ ಜಾಲಿ ಕಟ್ಟಿಗೆ ಒಟ್ಟಿ, ದೊಡ್ಡ ಪಾತೇಲಿಯಲ್ಲಿ ನೀರು ಕಾಯಲು ಇಟ್ಟಿದ್ದ. ಕಟ್ಟಿಗೆ ಉರಿಯುವ ಬದಲು ಹೊಗೆ ಕಾರುತ್ತಿತ್ತು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ತಾನಾಗಿಯೇ ಮಾತು ಬಂದುಬಿಟ್ಟಿತು: "ಯಾರ ಹ್ವಾದ್ರು?"

ಅಂಗಡಿಯವ ತಲೆ ಎತ್ತಿ ನೋಡಿದ. "ಯಾರೂ ಹೋಗಿಲ್ರಿ ಯವ್ವಾ. ಮುಂಜಾನೆದ್ದು ಎಂಥಾ ಮಾತಾಡ್ತೀರಿ? ಚಾ ಬೇಕಾದ್ರ ನಿಂದರ್ರಿ, ಇಲ್ಲಾಂದ್ರ ಮುಂದ ನಡೀರಿ."

ಅವನು ಸಿಟ್ಟಿಗೆದ್ದದ್ದರಲ್ಲಿ ತಪ್ಪೇನೂ ಇಲ್ಲ. ಚಹದಂಗಡಿಯ ಮುಂದೆ ಒಲೆ ಹೂಡಿದರೆ ಅದು ಚಹಕ್ಕೆ. ಆದರೆ ಮನೆಯ ಬಾಗಿಲ ಹೊರಗೆ ಮೂರು ಕಲ್ಲಿಟ್ಟು ನೀರು ಕಾಯಿಸಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಒಳಗೆ ಹೆಣ ಇದೆ, ಅದಕ್ಕೆ ಎರೆಯಲು ನೀರು ಬೇಕಾಗಿದೆ. ಆ ಮನುಷ್ಯನಿಗೆ ನಮ್ಮೂರು ಬನಹಟ್ಟಿಯ ಕಥೆಯನ್ನೆಲ್ಲ ಹೇಳುತ್ತ ಕೂರಲು ಬರುತ್ತದೆಯೇ? ಸುಮ್ಮನೆ ಒಂದು ಕಪ್ ಚಹ ತೆಗೆದುಕೊಂಡು ಕುಡಿದೆ. ಚಹಕ್ಕೂ ಹೊಗೆಯ ವಾಸನೆ ಹತ್ತಿತ್ತು. ಬಸ್ಸು ಬಂದು, ಸೀಟು ಸಿಕ್ಕು, ಕಿಡಕಿಯ ಗಾಜಿಗೆ ಮಳೆ ಬಡಿಯತೊಡಗಿದರೂ ಆ ವಾಸನೆ ನನ್ನ ಸೆರಗಿನಿಂದ ಹೋಗಲಿಲ್ಲ. ನೀಲವ್ವನ ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂತು.

ಆಗ ನಾನು ಸಾಲಿಯ ಕೆಲಸದಿಂದ ನಿವೃತ್ತಳಾಗಿ ಒಂದು ವರ್ಷವಾಗಿರಬೇಕು. ಜೀವಮಾನವೆಲ್ಲ ಮಕ್ಕಳಿಗೆ ಒದರಿ ಒದರಿ ರೂಢಿಯಾದ ಬಾಯಿ, ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ. ನಮ್ಮ ಯಜಮಾನರೇ ಹೇಳಿದರು, "ಎಲ್ಲೆರ ಹೋಗಿ ನಾಕ ಮಂದಿಗೆ ಉಪಯೋಗ ಆಗು, ನನ್ನ ಕಿವಿಗೂ ಒಂದೀಟ ಪುಣ್ಯಾ ಬರತೈತಿ" ಅಂತ. ಹಾಗೆ ನಾನು ಆಸರಿ ಮನಿಗೆ ಹೋಗತೊಡಗಿದ್ದು.

ಆಸರಿ ಮನಿ ಅಂದರೆ ಮಗ್ಗದ ಓಣಿಯ ನಡುವೆ ಇದ್ದ ಹಳೆಯ ಮನೆ. ಅದರ ಯಜಮಾನರು ತಮ್ಮ ಮಗ್ಗ ಮಾರಿ ಬೆಳಗಾವಿಗೆ ಹೋಗುವಾಗ ಬೀಗದ ಕೈಯನ್ನು ಓಣಿಯವರಿಗೇ ಕೊಟ್ಟು, ಊರಿಗೆ ಉಪಯೋಗವಾಗಲಿ ಅಂದಿದ್ದರು. ಸರಕಾರದ್ದೂ ಅಲ್ಲ, ಮಠದ್ದೂ ಅಲ್ಲ. ಊರಿನವರೇ ವಾರ ಹಂಚಿಕೊಂಡಿದ್ದರು. ಸೋಮವಾರ ಒಬ್ಬರ ಅಡಿಗೆ, ಮಂಗಳವಾರ ಇನ್ನೊಬ್ಬರದು. ಮುಂಭಾಗದ ಪಡಸಾಲೆಯಲ್ಲಿ ಪೇಪರು, ಒಂದು ಕೇರಂ ಬೋರ್ಡು, ಸಂಜೆ ಸಾಲಿ ಬಿಟ್ಟ ಮಕ್ಕಳ ಪಾಠ. ಮಧ್ಯಾಹ್ನ ವಯಸ್ಸಾದವರಿಗೆ ಬಿಸಿ ರೊಟ್ಟಿ, ಪಲ್ಯ. ರಜೆ ಇದ್ದ ದಿನ ದವಾಖಾನೆಯ ಒಬ್ಬ ನರ್ಸಮ್ಮ ಬಂದು ಬೀಪಿ, ಸಕ್ಕರೆ ನೋಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಕೆಲವು ಹೊರಸು. ಯಾರೂ ಇಲ್ಲದ ಮುದುಕ ಮುದುಕಿಯರು ಅಲ್ಲಿ ಇರುತ್ತಿದ್ದರು. ಅವರು ಅಲ್ಲಿಂದ ಇನ್ನೆಲ್ಲಿಗೂ ಹೋಗುವವರಲ್ಲ ಎಂಬುದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆ ಹಿಂದಿನ ಕೋಣೆಗೂ ಈರಣ್ಣನ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಸದ್ದೇ ಅಲ್ಲ. ಉಸಿರಾಡಿದ ಹಾಗೆ. ಹೊಸದಾಗಿ ಬಂದವರಿಗೆ ಮಾತ್ರ ತಲೆ ಗಿರ್ರೆನ್ನುತ್ತದೆ. ಬೀಳಗಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದಿದ್ದ ನಮ್ಮ ಶಾಂತಾ, ಶುಕ್ರವಾರದ ಅಡಿಗೆಯವಳು, ಮೊದಲ ಆರು ತಿಂಗಳು ಕಿವಿಗೆ ಅರಳೆ ಇಟ್ಟುಕೊಂಡೇ ತಿರುಗಿದಳಂತೆ.

ಆ ಸದ್ದು ಹಗಲಿನಲ್ಲಿ ನಿಲ್ಲುವುದಕ್ಕೆ ಎರಡೇ ಕಾರಣ. ಕರೆಂಟು ಹೋಗಬೇಕು, ಇಲ್ಲ ಓಣಿಯಲ್ಲಿ ಯಾರಾದರೂ ಸಾಯಬೇಕು. ಸಾವಾದರೆ ಹೆಣ ಎತ್ತುವ ತನಕ ಓಣಿಯ ಎಲ್ಲ ಮಗ್ಗ ಬಂದ್. ಹೇಳಿ ಕಳಿಸುವ ಪದ್ಧತಿ ಇಲ್ಲ. ಬಾಗಿಲಲ್ಲಿ ಹೊಗೆ ಕಂಡ ಶೆಡ್ಡಿನವ ಮೊದಲು ನಿಲ್ಲಿಸುತ್ತಾನೆ, ಅವನದು ನಿಂತದ್ದು ಕೇಳಿ ಮಗ್ಗುಲಿನವ, ಆಮೇಲೆ ಅವನ ಆಚೆಯವ. ಸತ್ತವ ಬಡವನಿರಲಿ, ಸಾವುಕಾರನಿರಲಿ. ಮಗ್ಗ ನಿಂತ ಓಣಿಯಲ್ಲಿ ಹೆಣ ಹೋಗುವುದು ನಮ್ಮಲ್ಲಿ ಮರ್ಯಾದೆಯ ಮಾತು.

ನೀಲವ್ವ ಬಂದದ್ದು ಮಿರಗಾ ಮಳೆ, ಅಂದರೆ ಮೃಗಶಿರಾ ಮಳೆ, ಹಿಡಿದ ದಿನಗಳಲ್ಲಿ. ಸಣ್ಣ ಜೀವ, ಕೈ ಮಾತ್ರ ಗಂಡಸರ ಕೈ. ಬದುಕಿಡೀ ರಾಟಿಯ ಮುಂದೆ ಕೂತು ಕಂಡಿಕಿ ಸುತ್ತಿದ ಕೈ. ಲಾಳಿಯ ಹೊಟ್ಟೆಯಲ್ಲಿ ಕೂರುವ ಸಣ್ಣ ಕೋಲಿಗೆ ನೂಲು ಸುತ್ತಿದರೆ ಅದು ಕಂಡಿಕಿ. ಅದಿಲ್ಲದೆ ಮಗ್ಗ ನಡೆಯುವುದಿಲ್ಲ. ಈ ಓಣಿಯ ಅರ್ಧ ಮಗ್ಗಗಳಿಗೆ ಒಂದು ಕಾಲಕ್ಕೆ ಅವಳೇ ಸುತ್ತಿಕೊಟ್ಟಿದ್ದಳು. ಶೆಡ್ಡಿನಲ್ಲಿ ಕೂತು ಕೂತು ಕಿವಿ ಪೂರ್ತಿ ಹೋಗಿತ್ತು. ತಾನು ಮಾತಾಡಿದ್ದು ತನಗೇ ಕೇಳದ್ದರಿಂದ ಒದರಿಯೇ ಮಾತಾಡುತ್ತಿದ್ದಳು. ನನಗೆ ಒಳ್ಳೆಯ ಜೋಡಿ ಸಿಕ್ಕಿತು ಅಂತ ಶಾಂತಾ ನಗುತ್ತಿದ್ದಳು.

ನಾವು ಅವಳೊಂದಿಗೆ ಮಾತಾಡಬೇಕಾದರೆ ಕೈಯಲ್ಲಿ. ಅದನ್ನು ಅವಳೇ ಕಲಿಸಿದಳು. ಶೆಡ್ಡಿನೊಳಗೆ ಎಷ್ಟು ಕೂಗಿದರೂ ಕೇಳುವುದಿಲ್ಲವಾದ್ದರಿಂದ ನೇಕಾರರದು ಮೊದಲಿನಿಂದಲೂ ಕೈಮಾತು. ಬೊಗಸೆ ಬಾಯಿಗೆ ಹಿಡಿದರೆ ನೀರು. ಎರಡೂ ಕೈಯ ಬೆರಳು ಜೋಡಿಸಿ ಟಪ್ಪನೆ ಬಿಡಿಸಿದರೆ ಎಳೆ ಹರಿಯಿತು ಅಂತ. ಯಾರಾದರೂ ಸತ್ತರೂ ಅದನ್ನೇ ಮಾಡುತ್ತಿದ್ದರು.

ಹೊರಸು ತೋರಿಸಿದ ದಿನವೇ ಅವಳು ಜಾಗ ಬದಲಿಸಿದಳು. ಕಿಡಕಿಯ ಗಾಳಿ ಬೇಡ, ಈರಣ್ಣನ ಗೋಡೆಗೆ ಹತ್ತಿದ ಹೊರಸೇ ಬೇಕು ಅಂದಳು. ಅಲ್ಲಿ ಕೂತು ಬಲಗೈಯನ್ನು ಗೋಡೆಗೆ ಊರಿದಳು. ಮಗ್ಗದ ಹೊಡೆತಕ್ಕೆ ಗೋಡೆ ಸಣ್ಣಗೆ ಅದುರುತ್ತಿತ್ತು. ನಾವು ಯಾರೂ ಅದನ್ನು ಗಮನಿಸಿರಲೇ ಇಲ್ಲ.

"ಆರ ಮಗ್ಗ ಹಚ್ಯಾನ," ಅಂದಳು ಒದರಿ. "ಒಂದರದು ಬೆಲ್ಟ ಸಡ್ಲ ಐತಿ. ಈರ್ಯಾಗ ಹೇಳ್ರಿ."

ಈರಣ್ಣನಿಗೆ ಹೇಳಿದೆ. ಅವನು ನಕ್ಕು, "ಆಕಿ ನಮ್ಮಪ್ಪನ್ನೂ ಹಿಂಗ ಬೈತಿದ್ಲರಿ ಅಕ್ಕೋರ," ಅಂದ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅಂತಲೇ ಹೆಸರು, ನಿವೃತ್ತಳಾದರೂ ಅದು ತಪ್ಪುವುದಿಲ್ಲ.

ನೀಲವ್ವನ ಗಂಡ ಕೂಲಿ ನೇಕಾರ. ಇಲ್ಲಿ ಕೆಲಸ ಕಡಿಮೆಯಾದಾಗ ಅವಳನ್ನು ಕರಕೊಂಡು ಮಹಾರಾಷ್ಟ್ರದ ಒಂದು ಮಗ್ಗದ ಊರಿಗೆ ಹೋಗಿದ್ದ. ಅಲ್ಲೇ ತೀರಿಕೊಂಡ. ಅದನ್ನು ಅವಳು ನನಗೆ ಒಂದು ಮಧ್ಯಾಹ್ನ ಹೇಳಿದಳು, ಎಂದಿನಂತೆ ಓಣಿಗೆಲ್ಲ ಕೇಳುವ ಹಾಗೆ.

"ಹೆಣಾ ಹೊತಗೊಂಡ ಹೊಂಟೇವ್ರಿ. ಎಡಕ ಶೆಡ್ಡು, ಬಲಕ ಶೆಡ್ಡು. ಒಂದ ಮಗ್ಗ ಬಂದ್ ಆಗಲಿಲ್ಲ. ಆಗ ನನಗ ಕಿವಿ ಕೇಳತಿದ್ವು. ಪರಊರಿನಂವಗ ಯಾರ ನಿಂದರಸ್ತಾರ? ನಾಯಿ ಹೆಣಾ ಎಳದಂಗ ಎಳದ್ರು ಅಂವನ್ನ." ಸ್ವಲ್ಪ ಹೊತ್ತು ಗೋಡೆಯ ಮೇಲಿನ ಕೈಯನ್ನೇ ನೋಡಿದಳು. "ಅದಕ್ಕ ಇಲ್ಲಿ ಬಂದೇನಿ. ಮಕ್ಕಳಿಲ್ಲ, ಮರಿಯಿಲ್ಲ, ಏನೂ ಬ್ಯಾಡ. ನಾ ಹ್ವಾದಾಗ ಈ ಓಣ್ಯಾಗ ಮಗ್ಗ ಬಂದ್ ಆಗಬೇಕು. ನಿಂದರಸ್ತೀರೇನು?"

ಇದೇನು ದೊಡ್ಡ ಮಾತು ಅನ್ನಿಸಿತು ನನಗೆ. ತಲೆ ಆಡಿಸಿದೆ. ಅವಳು ಅಷ್ಟಕ್ಕೆ ಬಿಡಲಿಲ್ಲ, ನನ್ನ ಕೈ ಹಿಡಿದು ತನ್ನ ಅಂಗೈಯ ಮೇಲೆ ಬಡಿಸಿಕೊಂಡಳು. ಶೆಡ್ಡಿನಲ್ಲಿ ಅದು ಮಾತು ಕೊಟ್ಟ ಗುರುತು.

ಆ ವರ್ಷದ ಮಳೆ ಬರಗಾಲ ಹರಿಯುವಂಥದ್ದೂ ಅಲ್ಲ, ಹೊಳೆ ಒಡೆಯುವಂಥದ್ದೂ ಅಲ್ಲ. ಬರೇ ಜಿಟಿಜಿಟಿ. ರಬಕವಿಯ ಹೊಳೆ ಮೇಲಿನ ಡ್ಯಾಮಿನ ನೀರಿಗೆ ಕೆಂಪಾಗಿ ತುಂಬಿತ್ತು, ನಮ್ಮ ಓಣಿಯಲ್ಲಿ ಮಾತ್ರ ಕೆಸರು. ನೂಲು ತಂಪು ಹಿಡಿದು ಎಳೆ ಎಳೆಗೆ ಹರಿಯುತ್ತಿತ್ತು. ನೇದಷ್ಟಕ್ಕೆ ಕೂಲಿ ಪಡೆಯುವ ನೇಕಾರರ ಮುಖ ಗಂಟಿಕ್ಕಿತ್ತು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹಿಂದಿನ ಕೋಣೆಯ ಗೋಡೆಯೂ ಬೆವೆತಿತ್ತು. ಎಲ್ಲರಿಗೂ ಕೆಮ್ಮು.

ಮೊದಲು ಹೋದದ್ದು ರಬಕವಿಯ ಒಬ್ಬ ಮುದುಕಿ. ಬಾಗಿಲಲ್ಲಿ ಹೊಗೆ ಎದ್ದಿತು, ಈರಣ್ಣನ ಮಗ್ಗ ನಿಂತಿತು, ಓಣಿ ನಿಂತಿತು. ನೀಲವ್ವ ಗೋಡೆ ಮುಟ್ಟಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು. ಎರಡನೆಯದು ತೇರದಾಳ ಕಡೆಯ ಒಬ್ಬ ಮುದುಕ, ನಮ್ಮಲ್ಲಿಗೆ ಬಂದು ವಾರವೂ ಆಗಿರಲಿಲ್ಲ. ಆಗಲೂ ನಿಂತಿತು. ಆದರೆ ತಡವಾಗಿ, ಒಂದೊಂದೇ, ಮನಸ್ಸಿಲ್ಲದ ಮನಸ್ಸಿನಿಂದ. ಹೆಣ ಓಣಿ ದಾಟುವ ಮೊದಲೇ ತುದಿಯ ಶೆಡ್ಡಿನಲ್ಲಿ ಖಟಾಖಟ್ ಶುರುವಾಗಿತ್ತು.

ಮೂರನೆಯವ ಸೋಮಣ್ಣ. ಹಳೇ ನೇಕಾರ, ಎದೆಯೊಳಗೆ ಅರಳೆಯ ಧೂಳು ತುಂಬಿಕೊಂಡು ಉಸಿರಿಗೆ ಒದ್ದಾಡಿ ಒದ್ದಾಡಿ ಸತ್ತ. ಮೂರು ಕಲ್ಲು ಹೂಡಿದೆವು. ಹೊಗೆ ಓಣಿಯ ತುದಿಯ ತನಕ ಹೋಯಿತು. ಮಗ್ಗ ನಡೆಯುತ್ತಲೇ ಇತ್ತು.

ಸೋಮಣ್ಣನಿಗೆ ವಿಭೂತಿ ಹಚ್ಚುತ್ತಿದ್ದ ನಾನು ತಿರುಗಿ ನೋಡಿದರೆ, ನೀಲವ್ವ ಗೋಡೆಗೆ ಅಂಗೈ ಒತ್ತಿ ಕೂತಿದ್ದಳು. ಮೊದಲು ಒಂದು ಕೈ, ಆಮೇಲೆ ಎರಡೂ ಕೈ, ಆಮೇಲೆ ಗಲ್ಲ. ಆಮೇಲೆ ನನ್ನ ಕಡೆ ನೋಡಿದಳು. ಅವಳು ಒದರಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯ ಮೇಲೆ. ಸೋಮಣ್ಣನನ್ನು ಮಣ್ಣು ಮಾಡಿ ಬಂದವಳೇ ನೇರ ಈರಣ್ಣನ ಶೆಡ್ಡಿಗೆ ನುಗ್ಗಿದೆ. ಅವನು ಒಂದು ಮಗ್ಗ ನಿಲ್ಲಿಸಿ ಹೊರಗೆ ಬಂದ. ಸಭ್ಯ ಮನುಷ್ಯ, ಆಸರಿ ಮನಿಗೆ ಬುಧವಾರದ ರೊಟ್ಟಿ ಅವನ ಹೆಂಡತಿಯದೇ.

"ಸೋಮಣ್ಣ ಏನ್ ಪಾಪಾ ಮಾಡಿದ್ದ ಈರಣ್ಣ? ಅಂವಾ ನೇಕಾರ ಅಲ್ಲೇನು?"

"ಬೈರಿ ಅಕ್ಕೋರ, ಬೈಸ್ಕೊತೇನಿ. ಆದ್ರ ನಂದೊಂದ ಮಾತ ಕೇಳ್ರಿ. ಮದಲ ಈ ಓಣ್ಯಾಗ ವರ್ಷಕ್ಕ ಒಂದ ಸಾವು, ಎರಡ ಸಾವು. ಮಗ್ಗ ಬಂದ್ ಮಾಡಿ ಅಳತಿದ್ವಿ. ಈಗ ಊರಾನ ಸಾವೆಲ್ಲಾ ತಂದ ನಮ್ಮ ಓಣ್ಯಾಗ ಇಟ್ಟೀರಿ. ಮನಿ ಛಲೋ ಐತಿ, ಕೆಲಸಾ ಛಲೋ ಐತಿ, ನಾ ಏನ ಇಲ್ಲ ಅನ್ನಂಗಿಲ್ಲ. ಆದ್ರ ಪ್ರತಿ ಸಾವಿಗೂ ನನ್ನ ಶೆಡ್ಡಿನ ಹುಡುಗ್ರು ಕೈಕಟಗೊಂಡ ಕುಂತ್ರ, ಸಂಜೀಕ ಅವರ ಮನ್ಯಾಗ ಒಲಿ ಹ್ಯಾಂಗ ಹೊತ್ತಬೇಕ್ರಿ?"

ಅವನ ಮಾತು ನಿಜ ಅನ್ನಿಸಿದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು. "ಹಂಗಾರ ನೀಲವ್ವಗೂ ನಿಂದರಸಂಗಿಲ್ಲೇನು?" ಅಂತ ಕೇಳಿದೆ.

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನೀಲವ್ವ ಆಯಿದು ಬ್ಯಾರೇ ಮಾತ್ರಿ. ಆಕಿ ಸುತ್ತಿದ ಕಂಡಿಕಿ ಮ್ಯಾಲ ನಮ್ಮಪ್ಪಾ ನೇದಾನ, ನಾ ಬೆಳದೇನಿ. ನಾ ಓಣ್ಯಾಗ ಮಾತಾಡತೇನಿ."

ಮಾತಾಡಿದ. ಮರುದಿನ ಓಣಿಯ ಹಿರಿಯರು ನಮ್ಮ ಪಡಸಾಲೆಯಲ್ಲೇ ಕೂತರು. ಬಹಳ ಹೊತ್ತು ವಾದವಾಯಿತು. ಕೊನೆಗೆ ಒಪ್ಪಿದ್ದು ಇಷ್ಟು: ಆಸರಿ ಮನಿಯ ಸಾವಿಗೆ ಇನ್ನು ಮಗ್ಗ ಬಂದ್ ಇಲ್ಲ, ನೀಲವ್ವ ಒಬ್ಬಳನ್ನು ಬಿಟ್ಟು. ಉಳಿದವರ ಹೊರಸುಗಳೂ ಅಲ್ಲೇ ಹಿಂದಿನ ಕೋಣೆಯಲ್ಲಿ ಇದ್ದವು, ಅವರಿಗೂ ಕಿವಿ ಇದ್ದವು. ನನಗೆ ನಾಚಿಕೆಯಾಯಿತು. ಆದರೂ ಒಳಗೆ ಹೋಗಿ ನೀಲವ್ವನ ಅಂಗೈಯ ಮೇಲೆ ಅಂಗೈ ಬಡಿದೆ. ಅವಳು ಬಾಯಿ ತುಂಬ ನಕ್ಕಳು. ಹಲ್ಲಿಲ್ಲದ ಬಾಯಿ.

ಶ್ರಾವಣ ಬಂದಾಗ ಅವಳು ಮಲಗಿದಳು. ಜ್ವರ, ಕಫ, ಊಟ ಸೇರದು. ನರ್ಸಮ್ಮ ನನ್ನನ್ನು ಹೊರಗೆ ಕರೆದು, ಇನ್ನು ದವಾಖಾನೆಗೆ ಎಳೆದಾಡಬೇಡಿ ಅಂದಳು. ಓಣಿಗೂ ಸುದ್ದಿ ಹೋಯಿತು. ಈರಣ್ಣನ ಹೆಂಡತಿ ಬಂದು ಕೈ ಮುಟ್ಟಿ ನೋಡಿ, ಕಣ್ಣೊರೆಸಿಕೊಂಡು ಹೋದಳು. ಆದರೆ ಪಂಚಮಿಯ ಹಿಂದಿನ ದಿನ ಜ್ವರ ಇಳಿಯಿತು. ಬೆಳಿಗ್ಗೆ ಎದ್ದು ಕೂತು, "ಮೈಯೆಲ್ಲಾ ಅಂಟ ಅಂಟ ಆಗೇತಿ, ಬಿಸಿನೀರ ಹಾಕ್ರಿ. ನಾಳೆ ಹಬ್ಬ," ಅಂತ ಹಟ ಹಿಡಿದಳು.

ಅಂದು ಶಾಂತಾಳ ವಾರ. ಅಡಿಗೆಮನೆಯಲ್ಲಿ ಗ್ಯಾಸು ಮುಗಿದಿತ್ತು, ಹೊಸ ಸಿಲಿಂಡರು ಬಂದಿರಲಿಲ್ಲ. ಕಟ್ಟಿಗೆಯ ಒಲೆ ಒಳಗೆ ಹೊತ್ತಿಸಿದರೆ ಹೊಗೆಗೆ ನೀಲವ್ವನಿಗೆ ದಮ್ಮು ಹತ್ತುತ್ತದೆ ಅಂತ ಶಾಂತಾ ಯೋಚಿಸಿದಳು. ಪಾಪ, ಅಷ್ಟೇ ಯೋಚಿಸಿದಳು. ಬಾಗಿಲ ಹೊರಗೆ, ಮಳೆ ಬೀಳದ ಹಾಗೆ ತಗಡಿನ ಚಪ್ಪರದ ಕೆಳಗೆ ಮೂರು ಕಲ್ಲು ಹೂಡಿ, ಹಂಡೆ ಏರಿಸಿ, ಹಸಿ ಜಾಲಿ ಕಟ್ಟಿಗೆಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದಳು. ನಾನು ಒಳಗೆ ನೀಲವ್ವನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ.

ಮೊದಲು ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಚಪ್ಪರದ ತಗಡಿನ ಮೇಲೆ ಮಳೆ ಬೀಳುವುದು ಕೇಳಿಸಿತು. ಯಾರದೋ ಮನೆಯಲ್ಲಿ ಕುಕ್ಕರು ಕೂಗಿದ್ದು, ಗುಬ್ಬಿ ಚಿಲಿಪಿಲಿ ಅಂದದ್ದು. ಇವೆಲ್ಲ ಹೇಗೆ ಕೇಳುತ್ತಿವೆ ಅಂತ ಅನ್ನಿಸುವಷ್ಟರಲ್ಲಿ ನೀಲವ್ವ ನನ್ನ ಕೈಯನ್ನು ತಲೆಯಿಂದ ಸರಿಸಿ ಗೋಡೆಗೆ ಅಂಗೈ ಊರಿದ್ದಳು.

"ಬಂದ್ ಆದ್ವು," ಅಂದಳು. "ಯಾರ ಹ್ವಾದ್ರು?"

ನಾನು ಎದ್ದು ಬಾಗಿಲಿಗೆ ಓಡಿದೆ. ಹೊಗೆ ಓಣಿಯ ತುಂಬ. ಶೆಡ್ಡುಗಳಿಂದ ನೇಕಾರರು ಹೊರಗೆ ಬಂದು ಸಾಲಾಗಿ ನಿಂತಿದ್ದರು. ಹೆಂಗಸರು ಪಂಚಮಿಯ ಅಳ್ಳು ಹುರಿಯುವುದು ಬಿಟ್ಟು ಸೆರಗು ಹೊದ್ದು ಬರುತ್ತಿದ್ದರು. ಎಲ್ಲರ ಮುಂದೆ ಈರಣ್ಣ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ಶಾಂತಾ ಹಂಡೆಯ ಪಕ್ಕ ಊದುಗೊಳವಿ ಹಿಡಿದು, ಇವರೆಲ್ಲ ಯಾಕೆ ಬರುತ್ತಿದ್ದಾರೆ ಅಂತ ಬೆಪ್ಪಾಗಿ ನೋಡುತ್ತಿದ್ದಳು. ತಿಳಿದ ಮೇಲೆ ಊದುಗೊಳವಿ ಕೈಯಿಂದ ಬಿತ್ತು.

ಒಳಗಿನಿಂದ ನೀಲವ್ವ ಒದರುತ್ತಲೇ ಇದ್ದಳು. "ಯಾರ ಹ್ವಾದ್ರು? ಹೇಳ್ರಿ ಅಕ್ಕೋರ. ಇಡೀ ಓಣಿ ನಿಂತೈತಿ, ಯಾವದೋ ಹಿರೇ ಜೀವ ಇರಬೇಕು."

ಆ ಧ್ವನಿ ಓಣಿಗೆಲ್ಲ ಕೇಳಿತು. ಈರಣ್ಣ ಇಟ್ಟ ಹೆಜ್ಜೆಯನ್ನು ಅಲ್ಲೇ ನಿಲ್ಲಿಸಿದ.

ನಾನು ಕೋಣೆಗೆ ಹೋದೆ. ನನಗೆ ಸುಳ್ಳು ಬರುವುದಿಲ್ಲ ಅಂತಲ್ಲ, ಸಾಲಿಗೆ ಸಾಹೇಬರು ಬಂದಾಗ ಬೇಕಾದಷ್ಟು ಹೇಳಿದ್ದೇನೆ. ಬೇರೆ ಯಾರದಾದರೂ ಹೆಸರು ಹೇಳಬಹುದಿತ್ತು. ಆದರೆ ಅವಳು ಹಾಗೆ ಕಣ್ಣರಳಿಸಿ ಕಾಯುತ್ತಿರುವಾಗ ಸುಳ್ಳು ಎಲ್ಲಿಂದ ತರಲಿ? ಬೆರಳು ಚಾಚಿ ಅವಳನ್ನೇ ತೋರಿಸಿದೆ.

ಅವಳಿಗೆ ಅರ್ಥವಾಗಲಿಲ್ಲ. ಹೊರಗಿನ ಹೊಗೆ ತೋರಿಸಿದೆ, ಹಂಡೆ ತೋರಿಸಿದೆ, ಎರಡೂ ಕೈಯ ಬೆರಳು ಜೋಡಿಸಿ ಟಪ್ಪನೆ ಬಿಡಿಸಿದೆ, ಮತ್ತೆ ಅವಳನ್ನು ತೋರಿಸಿದೆ.

ನೀಲವ್ವ ನನ್ನನ್ನು ನೋಡಿದಳು, ಗೋಡೆಯನ್ನು ನೋಡಿದಳು. "ನನಗಾ?" ಅಂದಳು. ಮೊದಲ ಸಲ ಅವಳು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ. "ಎಲ್ಲಾ ಮಗ್ಗ? ನನಗಾ?"

ಆಮೇಲೆ ಅವಳು ಗೋಡೆಯ ಕಡೆ ತಿರುಗಿ ಎರಡೂ ಅಂಗೈ ಊರಿ ಕಣ್ಣು ಮುಚ್ಚಿಕೊಂಡಳು. ಸತ್ತವರಿಗೆ ಸಲ್ಲುವ, ಆದರೆ ಸತ್ತವರಿಗೆ ಗೊತ್ತಾಗದ ಮರ್ಯಾದೆ ಅದು; ಅವಳಿಗೆ ಗೊತ್ತಾಗುತ್ತಿತ್ತು. ಎಣ್ಣೆ ಸವರಿದ ಬಿಳಿ ಕೂದಲು ಬೆನ್ನ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ಈರಣ್ಣ, ಶಾಂತಾ, ಇನ್ನೂ ಕೆಲವರು ಬಂದು ನಿಂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಕಣ್ಣು ತೆರೆದು ಈರಣ್ಣನನ್ನು ಕಂಡದ್ದೇ ಅವಳ ಗಂಟಲು ಮತ್ತೆ ಏರಿತು. "ಯಾಕಲೇ ಈರ್ಯಾ, ನಾ ಯಾವಾಗ ಹೋದೇನಂತ ಕಾಯಾಕತ್ತಿದ್ದೇನಲೇ ಭಾಡ್ಯಾ? ಹೋಗು, ಹಚ್ಚು ಮಗ್ಗ. ನಾಳೆ ಹಬ್ಬ ಐತಿ, ಹುಡುಗ್ರಿಗೆ ಕೂಲಿ ಬ್ಯಾಡೇನು?"

ಕೆಲವರು ನಕ್ಕರು. ಈರಣ್ಣ ನಗಲಿಲ್ಲ. ಬಾಗಿ ಅವಳ ಕಾಲು ಮುಟ್ಟಿ ಹೊರಗೆ ಹೋದ. ಒಂದೊಂದಾಗಿ ಮಗ್ಗ ಶುರುವಾದವು. ಅವಳು ಗೋಡೆಯ ಮೇಲೆ ಕೈಯಿಟ್ಟು ಎಲ್ಲವೂ ಶುರುವಾಗುವ ತನಕ ಕಾದು, ಆಮೇಲೆ ಸ್ನಾನಕ್ಕೆ ಎದ್ದಳು. ಹೆಣಕ್ಕೆಂದು ಓಣಿ ತಿಳಿದ ನೀರನ್ನು ಅವಳು ಖುಷಿಯಿಂದ ಮೈಮೇಲೆ ಹಾಕಿಸಿಕೊಂಡಳು.

ಇದು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಪಂಚಮಿ ಮುಗಿದ ಮೇಲೆ ಈರಣ್ಣ ಬಂದು ಪಡಸಾಲೆಯ ಕಟ್ಟೆಯ ಮೇಲೆ ಕೂತ. ಬಹಳ ಹೊತ್ತು ಪೇಪರು ತಿರುವಿ ಹಾಕಿದ. ಆಮೇಲೆ ಹೇಳಿದ.

"ಅಕ್ಕೋರ, ಬ್ಯಾಸರಾ ಮಾಡ್ಕೊಬ್ಯಾಡ್ರಿ. ಓಣ್ಯಾಗ ಮಾತಾಗೇತಿ. ಆಯಿದು ಆತು ಅಂತಾರ."

"ಏನ್ ಆತು?"

"ಮಗ್ಗ ಬಂದ್ ಮಾಡಿದ್ದು. ಆಕಿ ಸಲುವಾಗೆನ ಮಾಡಿದ್ವಲ್ರಿ. ಒಬ್ಬರಿಗೆ ಎರಡ ಸಲ ಹ್ಯಾಂಗ ಮಾಡೂದು ಅಂತ ಕೇಳ್ತಾರ. ಜೀವ ಇದ್ದವರಿಗೆ ಮಗ್ಗ ಬಂದ್ ಮಾಡಿದ್ದು ಅಪಶಕುನ ಅಂತ ಬ್ಯಾರೆ ಅಂಜ್ಯಾರ. ನಂದೊಬ್ಬಂದ ಶೆಡ್ಡ ಆಗಿದ್ರ ನಾ ನಿಂದರಸ್ತಿದ್ಯಾ. ಒಬ್ಬಂದ ನಿಂತ್ರ ಅದು ಓಣಿ ನಿಂತಂಗ ಆಗತೈತೇನ್ರಿ?"

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ತಪ್ಪಿಗೆ ಅವಳು ಯಾಕೆ ದಂಡ ಕಟ್ಟಬೇಕು, ಹೊಗೆ ಹಚ್ಚಿದ್ದು ಅವಳೇ ಏನು ಅಂತೆಲ್ಲ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಎದ್ದು ಹೋಗುವಾಗ ಒಂದೇ ಮಾತು ಅಂದ, "ಆಯಿಗೆ ಹೇಳಬ್ಯಾಡ್ರಿ."

ಹೇಳಲಿಲ್ಲ. ಹೇಳುವುದಾದರೂ ಹೇಗೆ? ಕೈಮಾತಿನಲ್ಲಿ ಅಂಥ ಮಾತಿಗೆ ಗುರುತು ಇರಲಿಲ್ಲ. ಶಾಂತಾ ಮಾತ್ರ ಅಳುತ್ತ ಓಣಿಯ ಮನೆಮನೆಗೂ ಹೋಗಿ ಬೇಡಿಕೊಂಡು ಬಂದಳು. ಎಲ್ಲರೂ ಅವಳನ್ನು ಕೂರಿಸಿ ಚಹ ಕೊಟ್ಟು ಕಳಿಸಿದರು.

ಶ್ರಾವಣ ಮುಗಿಯುವ ಹೊತ್ತಿಗೆ ನೀಲವ್ವನ ಬಲಗಡೆಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಯಿತು, ಬಲಗೈ ಕಟ್ಟಿಗೆಯ ತುಂಡಿನ ಹಾಗೆ ಬಿದ್ದುಕೊಂಡಿತು. ಗುಟುಕು ಗಂಜಿಯೂ ಇಳಿಯುತ್ತಿರಲಿಲ್ಲ. ಅಂಥದರಲ್ಲೂ ಆಗಾಗ ಎಡಗೈಯಿಂದ ಬಲಗೈಯನ್ನು ಎತ್ತಿ ಗೋಡೆಗೆ ಇಟ್ಟುಕೊಳ್ಳುತ್ತಿದ್ದಳು. ಅದು ಜಾರಿ ಬೀಳುತ್ತಿತ್ತು. ನಾನು ಮತ್ತೆ ಇಡುತ್ತಿದ್ದೆ.

ಆ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕರೆಂಟು ಸರಿಯಾಗಿತ್ತು, ತಂಪು ಆರಿದ ನೂಲು ಹರಿಯದೆ ನಡೆಯುತ್ತಿತ್ತು. ಓಣಿಯ ಒಂದು ಮಗ್ಗವೂ ಬಿಡುವಾಗಿರಲಿಲ್ಲ, ಕೋಣೆಯಲ್ಲಿ ನಾನೂ ಶಾಂತಾಳೂ ಕೂಗಿ ಮಾತಾಡಬೇಕಾಗಿತ್ತು. ನೀಲವ್ವ ಕಣ್ಣು ತೆರೆದಳು. ಎಡಗೈಯಿಂದ ಬಲಗೈಯನ್ನು ಎಳೆದು ಗೋಡೆಗೆ ಇಟ್ಟಳು. ನಾನು ಹಿಡಿದುಕೊಂಡೆ. ನನ್ನ ಕೈಗೆ ಗೋಡೆ ದಡದಡ ಅದುರುವುದು ತಿಳಿಯುತ್ತಿತ್ತು. ಜೀವವಿಲ್ಲದ ಆ ಕೈಗೆ ಏನು ತಿಳಿಯಬೇಕು?

ಅವಳ ಹುಬ್ಬು ಮೇಲೆ ಹೋದವು. ತೊದಲುತ್ತ ಏನೋ ಅಂದಳು. ಸದ್ದಿನಲ್ಲಿ ಕೇಳಲಿಲ್ಲ. ಕಿವಿಯನ್ನು ಬಾಯಿಯ ಹತ್ತಿರ ಒಯ್ದೆ.

"ಬಂದ್ ಆದ್ವು," ಅಂದಳು. "ಯಾರ ಹ್ವಾದ್ರು?"

ಶಾಂತಾ ಬಾಯಿಗೆ ಸೆರಗು ಒತ್ತಿಕೊಂಡಳು. ಗೋಡೆಯಾಚೆ ಆರೂ ಮಗ್ಗ ಖಟಾಖಟ್ ಓಡುತ್ತಿದ್ದವು. ನಾನು ಬೆರಳು ಚಾಚಿ ಅವಳನ್ನೇ ತೋರಿಸಿದೆ, ಹೋದ ಸಲ ತೋರಿಸಿದ ಹಾಗೆಯೇ.

ಅವಳ ಮುಖದ ಒಂದು ಕಡೆ ಮಾತ್ರ ನಕ್ಕಿತು. "ಮತ್ತ... ನನಗಾ?" ಅಂದಳು. ಹೌದೆಂದು ತಲೆಯಾಡಿಸಿದೆ. ಕೈಯನ್ನು ಗೋಡೆಗೆ ಹಾಗೇ ಒತ್ತಿ ಹಿಡಿದು ಕೂತೆ. ಬಿಸಿಲು ಹೊಸ್ತಿಲು ದಾಟುವಷ್ಟರಲ್ಲಿ ಅವಳು ಹೋಗಿದ್ದಳು.

ಶಾಂತಾ ಎದ್ದು ಕಲ್ಲು ಹುಡುಕಲು ಹೊರಗೆ ಹೊರಟಳು. ನಾನು ಕೈ ಹಿಡಿದು ನಿಲ್ಲಿಸಿದೆ.

"ಹೊರಗ ಬ್ಯಾಡ. ಒಳಗ ಗ್ಯಾಸಿನ ಮ್ಯಾಲ ಕಾಸು."

ಅವಳಿಗೆ ಅರ್ಥವಾಯಿತು. ಹೊಗೆ ಕಂಡೂ ಓಣಿ ನಿಲ್ಲಲಿಲ್ಲ ಅನ್ನಿಸಿಕೊಳ್ಳುವುದಕ್ಕಿಂತ, ಹೊಗೆಯೇ ಕಾಣಲಿಲ್ಲ ಅನ್ನಿಸಿಕೊಳ್ಳುವುದು ನೀಲವ್ವನಿಗೆ ವಾಸಿ. ಅಡಿಗೆಮನೆಯಲ್ಲಿ, ರೊಟ್ಟಿಯ ಹಂಚು ಇಳಿಸಿದ ಒಲೆಯ ಮೇಲೆ ಅವಳ ನೀರು ಕಾಯಿತು. ಅಂದಿನಿಂದ ಇಂದಿನ ತನಕ ಆಸರಿ ಮನಿಯಲ್ಲಿ ಯಾರು ಹೋದರೂ ನೀರು ಒಳಗೇ ಕಾಯುತ್ತದೆ. ಓಣಿಯವರಿಗೂ ಅನುಕೂಲವಾಗಿದೆ. ರೊಟ್ಟಿ, ಪಲ್ಯ ಮೊದಲಿನ ಹಾಗೇ ಬರುತ್ತವೆ, ಯಾರ ವಾರವೂ ತಪ್ಪಿಲ್ಲ.

ಸಂಜೆಗೆ ಮೊದಲು ಹೊತ್ತೆವು. ಹೊರಲು ಬಂದವರು ಬೇರೆ ಓಣಿಯ ನಾಲ್ಕು ಜನ. ಹಗುರ ಜೀವ, ಬೇಗ ಬೇಗ ಹೆಜ್ಜೆ ಹಾಕಿದರು. ಎಡಕ್ಕೆ ಶೆಡ್ಡು, ಬಲಕ್ಕೆ ಶೆಡ್ಡು. ಒಂದು ಮಗ್ಗವೂ ನಿಲ್ಲಲಿಲ್ಲ. ಈರಣ್ಣನ ಶೆಡ್ಡು ದಾಟುವಾಗ ಅವನು ಚಹ ಕುಡಿಯಲೆಂದು ಬಾಗಿಲಿಗೆ ಬಂದವ ನಮ್ಮನ್ನು ಕಂಡ. ಕೈಯಲ್ಲಿನ ಗ್ಲಾಸು ಕೆಳಗಿಟ್ಟು ಓಡಿ ಬಂದು ನೀಲವ್ವನ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಅವನ ಕಣ್ಣು ಕೆಂಪಾಗಿದ್ದವು.

"ಒಂದ ಮಾತ ಹೇಳಬಾರದಿತ್ತೇನ್ರಿ ಅಕ್ಕೋರ?"

"ಹೇಳಿದ್ರ ಏನ್ ಮಾಡ್ತಿದ್ದಿ?" ಅಂದೆ.

ಅವನು ಬಾಯಿ ತೆರೆದ. ಅವನ ಹಿಂದೆ, ಶೆಡ್ಡಿನೊಳಗೆ, ಮಗ್ಗಗಳು ಓಡುತ್ತಲೇ ಇದ್ದವು. ಅವನು ಏನಾದರೂ ಅಂದನೋ ಇಲ್ಲವೋ, ನನಗೆ ಕೇಳಲಿಲ್ಲ.